ಊರಿಂದ ವಾಪಸ್ ಬಂದ ಮೇಲೆ ಬರೋ ಬೇಸರ: ನಾನು ಅದನ್ನ ಹೇಗೆ ದಾಟಿದೆ

ಮತ್ಸ್ಯಗಂಧ ರೈಲು ಮುಂಬೈ ಹತ್ರದ ಠಾಣೆ ಸ್ಟೇಷನ್‌ಗೆ ಬರುವಾಗ ಇನ್ನೂ ಪೂರ್ತಿ ಬೆಳಕಾಗಿರೋದಿಲ್ಲ. ಹಿಂದಿನ ದಿನ ಸಂಜೆ ಕುಂದಾಪುರದಲ್ಲಿ ಹತ್ತಿದ್ದು, ಕಾರವಾರ ದಾಟುವಷ್ಟರಲ್ಲಿ ಮುಸ್ಸಂಜೆ, ಮಡಗಾಂವ್‌ನಲ್ಲಿ ಒಂದು ಚಾ, ಆಮೇಲೆ ನಿದ್ದೆ ಬಂದ್ರೆ ಬಂತು ಇಲ್ಲಾಂದ್ರೆ ಸುರಂಗ ಎಣಿಸ್ತಾ ರತ್ನಾಗಿರಿ. ಠಾಣೆಯಲ್ಲಿ ಇಳಿದು ತೆಂಗಿನಕಾಯಿ ಚೀಲ, ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿ ಭರಣಿ, ಹಲಸಿನ ಹಣ್ಣು ಎಲ್ಲ ಎಳ್ಕೊಂಡು ಸ್ಲೋ ಲೋಕಲ್ ಹಿಡಿದು ಡೊಂಬಿವಲಿಗೆ ಬರ್ತೇವೆ. ಇಲ್ಲಿವರೆಗೆ ನಂಗೆ ಏನೂ ಆಗೋದಿಲ್ಲ. ಮನೆ ಬಾಗಿಲು ತೆಗೆದ ಕೂಡಲೇ ಇಪ್ಪತ್ತು ದಿನ ಮುಚ್ಚಿದ ಫ್ಲಾಟಿನ ಆ ವಾಸನೆ ಬರ್ತದಲ್ಲ, ಅಲ್ಲಿಂದ ಶುರು. ಎದೆ ಒಳಗೆ ಯಾರೋ ಕಲ್ಲು ಇಟ್ಟ ಹಾಗೆ.

ನಾನು ಮುಂಬೈಗೆ ಬಂದು ಹದಿನೇಳು ವರ್ಷ ಆಯ್ತು, ಘಾಟ್ಕೋಪರ್‌ನಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ಕೆಲಸ, ಗಂಡ, ಒಬ್ಬ ಮಗ. ಪ್ರತಿ ಮೇ ತಿಂಗಳು ಊರಿಗೆ ಹೋಗೋದು, ಜೂನ್ ಮೊದಲ ವಾರ ಬರೋದು, ಬಂದು ಎರಡು ಮೂರು ವಾರ ಹೀಗೆ ಕಲ್ಲು ಹೊತ್ಕೊಂಡು ತಿರುಗೋದು. ತುಂಬಾ ವರ್ಷ ಇದನ್ನ ನಾನು ಯಾರತ್ರನೂ ಹೇಳಿರಲಿಲ್ಲ, ಯಾಕಂದ್ರೆ ಹೇಳೋದು ಎಂತ? ಯಾರೂ ತೀರಿಹೋಗಿಲ್ಲ, ದುಡ್ಡು ಹೋಗಿಲ್ಲ, ಜಗಳ ಆಗಿಲ್ಲ. ರಜೆ ಚೆನ್ನಾಗಿ ಆಯ್ತು ಅಂತ ಅಳೋರನ್ನ ಯಾರು ಸಮಾಧಾನ ಮಾಡ್ತಾರೆ ಅಂತ ಅನ್ಸ್ತಿತ್ತು. ಈಗ ಬರೀತಿರೋದು ಯಾಕಂದ್ರೆ ಹೋದ ಮೂರು ವರ್ಷದಿಂದ ಅದು ನಂಗೆ ನಾಲ್ಕೈದು ದಿನದಲ್ಲಿ ಇಳೀತಾ ಇದೆ, ಅದೂ ತಾನಾಗೇ ಇಳಿದದ್ದಲ್ಲ, ನಾನು ಕೂತು ಒಂದೊಂದೇ ಮಾಡಿ ನೋಡಿದ್ದರಿಂದ.

ಎಲ್ಲಕ್ಕಿಂತ ಕೆಟ್ಟದ್ದು 2022. ಅದಕ್ಕಿಂತ ಮೊದಲಿನ ಎರಡು ಮೇ ತಿಂಗಳು ಕೊರೊನಾದಿಂದ ಊರಿಗೆ ಹೋಗೋಕೇ ಆಗಿರಲಿಲ್ಲ, ಹಾಗಾಗಿ ಆ ವರ್ಷ ಇದ್ದಬದ್ದ ರಜೆ ಎಲ್ಲ ಕೂಡಿಸಿ 22 ದಿನ ಹೋಗಿದ್ದೆ. ಬಂದದ್ದು ಭಾನುವಾರ ಬೆಳಿಗ್ಗೆ, ಸೋಮವಾರ ಆಫೀಸು. ಆ ಸೋಮವಾರ 7.50ರ ಹೊತ್ತಿನ ಲೋಕಲ್‌ನಲ್ಲಿ ಲೇಡೀಸ್ ಡಬ್ಬದಲ್ಲಿ ನಿಂತು ಮುಂಬ್ರಾ ಗುಡ್ಡ ನೋಡ್ತಾ ಇದ್ದಾಗ ಸುಮ್ಮನೆ ಕಣ್ಣೀರು ಬರೋಕೆ ಶುರುವಾಯ್ತು, ಪಕ್ಕದ ಹೆಂಗಸು ಏನೂ ಕೇಳದೆ ನೀರಿನ ಬಾಟ್ಲಿ ಕೊಟ್ಟಳು. ಬ್ಯಾಗು ಒಂಬತ್ತು ದಿನ ಹಾಲ್‌ನ ಮೂಲೆಯಲ್ಲಿ ಹಾಗೇ ಇತ್ತು, ನಂಗೆ ಅದನ್ನ ಬಿಚ್ಚೋಕೆ ಮನಸ್ಸೇ ಬರಲಿಲ್ಲ, ಬಿಚ್ಚಿದ್ರೆ ಊರು ಮುಗೀತು ಅನ್ನೋ ಹಾಗೆ. ಒಳಗೆ ಉಪ್ಪಿನಕಾಯಿ ಭರಣಿ ಸೋರಿ ಅಮ್ಮ ಕೊಟ್ಟ ಸೀರೆ ಹಾಳಾಗಿತ್ತು. ಮಗನಿಗೆ ಕಾರಣ ಇಲ್ದೆ ಬೈದೆ. ಗಂಡ "ಎಂತಾಯ್ತು" ಅಂದ್ರೆ "ಏನಿಲ್ಲ", ಮತ್ತೆ "ಎಂತಾಯ್ತು" ಅಂದ್ರೆ ಅದಕ್ಕೂ ಸಿಟ್ಟು.

ಆಗ ನಾನು ಮಾಡಿದ್ದು ಎಲ್ಲರೂ ಮಾಡೋದೇ. ಬಂದ ರಾತ್ರಿಯೇ ಗಣೇಶ ಚೌತಿಗೆ ಟಿಕೆಟ್ ಹುಡುಕಿದೆ, ಆಗ 120 ದಿನ ಮೊದಲೇ ಬುಕ್ ಮಾಡಬಹುದಿತ್ತು (2024ರ ನವೆಂಬರ್‌ನಿಂದ ಅದು 60 ದಿನ ಆಗಿದೆ), ವೇಟಿಂಗ್ ಲಿಸ್ಟ್ ನೋಡಿ ಇನ್ನೂ ಬೇಸರ. ರಾತ್ರಿ ಮಲಗಿ ಫೋಟೋ ನೋಡೋದು, ಮರವಂತೆ ಬೀಚು, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ನದಿ ಮಧ್ಯದಲ್ಲಿ ಹೈವೇ, ಅದೇ ಫೋಟೋ ಹತ್ತು ಸಲ, ಹನ್ನೆರಡು ಗಂಟೆ ತನಕ. ಅದರಿಂದ ಒಂದು ದಿನವೂ ಹಗುರ ಆಗಲಿಲ್ಲ, ಇದನ್ನ ನಾನು ಗಟ್ಟಿಯಾಗಿ ಹೇಳ್ತೇನೆ. ಮುಂದಿನ ರಜೆಯ ಯೋಚನೆ ಕೆಲವರಿಗೆ ಹಿತ ಕೊಡ್ತದೆ ಅಂತ ಹೇಳ್ತಾರೆ, ಇರಬಹುದು, ಆದ್ರೆ ಬಂದ ವಾರವೇ ಅದನ್ನ ಹಿಡ್ಕೊಂಡ್ರೆ ಇಲ್ಲಿಯ ದಿನ ಪೂರ್ತಿ ಬರೀ ಕಾಯುವ ದಿನ ಆಗಿಬಿಡ್ತದೆ, ನಂಗಂತೂ ಹಾಗೇ ಆಯ್ತು.

ಬದಲಾವಣೆ ಶುರುವಾದದ್ದು 2023ರಲ್ಲಿ. ಆ ವರ್ಷ ಊರಿಂದ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ, ಅಕೌಂಟ್ಸ್ ಮಾಡೋಳಿಗೆ ಹೊಳೆಯೋ ಕೆಲಸವೇ ಅದು. ಒಂದು ಹಳೇ ಡೈರಿ ತಗೊಂಡು, ದಿನದಲ್ಲಿ ಯಾವಾಗ ಆ ಕಲ್ಲು ಭಾರ ಆಗ್ತದೋ ಆ ಹೊತ್ತಲ್ಲಿ ಕಣ್ಣ ಮುಂದೆ ಬಂದ ಚಿತ್ರ ಎಂತದು ಅಂತ ಒಂದೇ ಸಾಲು ಬರ್ದಿಡೋದು. ಟೈಮು, ನಾನು ಎಲ್ಲಿದ್ದೆ, ಕಂಡದ್ದು ಎಂತ. "ಊರು ನೆನಪಾಯ್ತು" ಅಂತ ಬರೆಯೋ ಹಾಗಿಲ್ಲ ಅಂತ ನಂಗೆ ನಾನೇ ನಿಯಮ ಹಾಕ್ಕೊಂಡಿದ್ದೆ, ಊರಲ್ಲಿ ಎಂತ, ಯಾವ ಜಾಗ, ಯಾರು, ಅಷ್ಟು ಬರೀಬೇಕು.

ಹತ್ತು ದಿನ ಬರ್ದೆ. ಹತ್ತನೇ ದಿನ ರಾತ್ರಿ ಕೂತು ಎಣಿಸಿದೆ, ಒಟ್ಟು 31 ಸಾಲು. ಸಮುದ್ರ ಬಂದದ್ದು ಎರಡು ಸಲ. ನಾನು ರಾತ್ರಿ ಎಲ್ಲ ಫೋಟೋ ನೋಡ್ತಾ ಇದ್ದ ಆ ಮರವಂತೆ ಬರೀ ಎರಡು ಸಲ. ಹದಿನೈದು ಹದಿನಾರು ಸಾಲಲ್ಲಿ ಇದ್ದದ್ದು ನಮ್ಮನೆ ಹಿಂದಿನ ಜಗಲಿ. ಅಲ್ಲಿ ಅಮ್ಮ, ಚಿಕ್ಕಮ್ಮ, ಅತ್ತಿಗೆ, ನಾನು ಕೈಗೆ ತೆಂಗಿನೆಣ್ಣೆ ಹಚ್ಕೊಂಡು ಹಲಸಿನ ಸೊಳೆ ಬಿಡಿಸ್ತಾ ಕೂತಿರೋದು. ಇಲ್ಲಾಂದ್ರೆ ಬೆಂದ ಹಲಸಿನಕಾಯಿ ಕುಟ್ಟಿ ಉಂಡೆ ಮಾಡಿ ಹಪ್ಪಳ ಒತ್ತೋದು, ಚಾಪೆ ಮೇಲೆ ಸಾಲಾಗಿ ಹಾಕೋದು, ಕಾಗೆ ಓಡಿಸೋದಕ್ಕೆ ಮಕ್ಕಳನ್ನ ಕೂರ್ಸೋದು. ಮಾತು ನಡೀತಾ ಇರ್ತದೆ, ಯಾರ ಮನೆ ಮದುವೆ, ಯಾರ ದನ ಕರು ಹಾಕ್ತು, ಯಾರಿಗೆ ಸೊಂಟ ನೋವು, ಒಂದಕ್ಕೊಂದು ಸಂಬಂಧ ಇಲ್ಲ, ಯಾರೂ ಮುಖ ನೋಡಿ ಮಾತಾಡ್ತಿಲ್ಲ, ಎಲ್ಲರ ಕಣ್ಣು ಕೈಮೇಲೆ. ಇನ್ನೊಂದು ಏಳೆಂಟು ಸಾಲಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿಯೋದು, ಬೆಳಿಗ್ಗೆ, ತಣ್ಣಗೆ. ಉಳಿದದ್ದು ಅಲ್ಲಲ್ಲಿ.

ಆ ಡೈರಿ ನೋಡಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಯಾಕಂದ್ರೆ ಊರನ್ನ ಮುಂಬೈಗೆ ತರೋಕೆ ಆಗೋದಿಲ್ಲ, ಸಮುದ್ರ ತರೋಕೆ ಆಗೋದಿಲ್ಲ, ಆದ್ರೆ ಕೈಯಲ್ಲಿ ಕೆಲಸ ಇಟ್ಕೊಂಡು ಅವಸರ ಇಲ್ದೆ ನಮ್ಮ ಭಾಷೆಯಲ್ಲಿ ಮಾತಾಡೋದು, ಅದನ್ನ ತರೋಕೆ ಆಗ್ತದಲ್ಲ.

ಅದುವರೆಗೆ ಅಮ್ಮನ ಜೊತೆ ನನ್ನ ಫೋನು ಹೇಗಿತ್ತಂದ್ರೆ ರಾತ್ರಿ ಒಂಬತ್ತಕ್ಕೆ, "ಉಂಡ್ಯಾ?" "ಉಂಡೆ, ನೀನು?" "ಮಳಿ ಬಂತಾ?" "ಬಂತು", "ಇನ್ನ್ ಯಾವಾಗ ಬಪ್ಪುದ್?", ಅಲ್ಲಿಗೆ ನನ್ನ ಗಂಟಲು ಕಟ್ಟೋದು, ಇಡೋದು, ಮೂರು ನಿಮಿಷ. ಫೋನ್ ಇಟ್ಟ ಮೇಲೆ ಮೊದಲಿಗಿಂತ ಬೇಸರ. ಈಗ ಏನ್ ಮಾಡಿದೆ ಅಂದ್ರೆ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ನಾನು ತರಕಾರಿ ಹೆಚ್ಚೋಕೆ ಕೂರೋ ಹೊತ್ತು ಅಮ್ಮನೂ ಏನಾದ್ರೂ ಕೆಲಸ ಹಿಡ್ಕೊಂಡು ಕೂರಬೇಕು ಅಂತ ಹೇಳಿದೆ. ಇಬ್ಬರೂ ಸ್ಪೀಕರ್ ಹಾಕಿ ಫೋನ್ ದೂರ ಇಡೋದು, ವಿಡಿಯೋ ಬೇಡ. ಮೊದಲ ಸಲ ಅಮ್ಮಂಗೆ ಅರ್ಥ ಆಗ್ಲಿಲ್ಲ, "ಎಂತ ಹೇಳು" "ಎಂತ ಹೇಳು" ಅಂತ ಕಾಯ್ತಾ ಇದ್ರು. ಮೂರನೇ ಸಲಕ್ಕೆ ಸರಿಯಾಯ್ತು. ಆ ಕಡೆ ಅವರು ಹಿಡಿಸೂಡಿಗೆ, ಅಂದ್ರೆ ಪೊರಕೆಗೆ, ತೆಂಗಿನ ಗರಿಯ ಕಡ್ಡಿ ಸೀಳ್ತಾ ಇರ್ತಾರೆ, ಈ ಕಡೆ ನಾನು ಅವರೆಕಾಯಿ ಬಿಡಿಸ್ತಾ ಇರ್ತೇನೆ, ಮಧ್ಯದಲ್ಲಿ ಎರಡೆರಡು ನಿಮಿಷ ಮಾತೇ ಇಲ್ಲ, ಅವರ ಅಂಗಳದ ಕೋಳಿ ಕೂಗೋದು ಕೇಳ್ತದೆ, ನನ್ನ ಕುಕ್ಕರ್ ಸೀಟಿ ಅವರಿಗೆ ಕೇಳ್ತದೆ. ನಲವತ್ತು ನಿಮಿಷ ಹೋದದ್ದೇ ಗೊತ್ತಾಗೋದಿಲ್ಲ. ಇಡುವಾಗ ಗಂಟಲು ಕಟ್ಟೋದಿಲ್ಲ, ಯಾಕೆ ಅಂತ ಯೋಚಿಸಿದೆ, ಬಹುಶಃ ಕೆಲಸ ಮುಗೀತು ಅಂತ ಎದ್ದು ಹೋಗೋದು ಬೇರೆ, ಫೋನ್ ಇಡ್ತೇನೆ ಅಂತ ಬೀಳ್ಕೊಡೋದು ಬೇರೆ. ಮಾಡಿದ ಎಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ಇದೊಂದೇ. ಬೇರೆ ಯಾವುದೂ ಓದೋಕೆ ಟೈಮ್ ಇಲ್ಲದಿದ್ರೆ ಇದನ್ನ ಮಾತ್ರ ಮಾಡಿ ನೋಡಿ.

ಆಮೇಲೆ ಸಿ ವಿಂಗ್‌ನಲ್ಲಿ ಬೈಂದೂರು ಕಡೆಯ ಒಬ್ಬರು ಇದ್ದಾರೆ, ಎಂಟು ವರ್ಷದಿಂದ ಲಿಫ್ಟ್‌ನಲ್ಲಿ ನಕ್ಕು ಹೋಗೋದಷ್ಟೇ ಪರಿಚಯ. ಅವರ ಹತ್ರ ನಾನೇ ಹೋಗಿ ಕೇಳಿದೆ, ಭಾನುವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ, ಬರುವಾಗ ನಿಮ್ಮನೆಯ ಏನಾದ್ರೂ ಕೆಲಸ ತಗೊಂಡು ಬನ್ನಿ, ಹೊಲಿಗೆಯೋ ಸೊಪ್ಪು ಬಿಡಿಸೋದೋ. ಅವರು ಒಂದು ಕ್ಷಣ ನನ್ನ ಮುಖ ನೋಡಿ "ನಂಗೂ ಊರಿಂದ ಬಂದ್ಮೇಲೆ ಹೀಗೇ ಆಗ್ತದೆ" ಅಂದ್ರು. ನಾನು ಬೇಸರದ ವಿಷಯ ಎತ್ತಿರಲೇ ಇಲ್ಲ! ಈಗ ತಿಂಗಳಿಗೆ ಎರಡು ಭಾನುವಾರ ನಾಲ್ಕು ಜನ ಸೇರ್ತೇವೆ, ಅದರಲ್ಲಿ ಒಬ್ಬರು ರತ್ನಾಗಿರಿಯವರು, ಅವರಿಗೆ ಕನ್ನಡ ಬರೋದಿಲ್ಲ ಆದ್ರೆ ಈ ಬೇಸರ ನಮಗಿಂತ ಚೆನ್ನಾಗಿ ಗೊತ್ತು. ಕೊಂಕಣದಿಂದ ಮುಂಬೈಗೆ ಕೆಲಸಕ್ಕೆ ಬಂದವರನ್ನ ಅವರ ಕಡೆ ಚಾಕರಮಾನಿ ಅಂತಾರಲ್ಲ, ಅವರೂ ಮೇ ತಿಂಗಳಲ್ಲಿ ಗಾವ್‌ಗೆ ಹೋಗಿ ಮಾವು, ಕೋಕಮ್ ಹೊತ್ಕೊಂಡು ನಮ್ಮದೇ ರೈಲಲ್ಲಿ ಕಣ್ಣು ಕೆಂಪು ಮಾಡ್ಕೊಂಡು ಬರ್ತಾರೆ. ಜೂನ್ ಮೊದಲ ವಾರದ ಲೇಡೀಸ್ ಡಬ್ಬದಲ್ಲಿ ಅರ್ಧ ಜನ ಇದೇ ಭಾರ ಹೊತ್ತವರು ಅಂತ ಈಗ ನಂಗೆ ಗೊತ್ತಾಗಿದೆ.

ಬರಿಗಾಲಿನ ವಿಷಯಕ್ಕೆ ಬರ್ತೇನೆ. ಡೊಂಬಿವಲಿ ಪಶ್ಚಿಮದಲ್ಲಿ ರೇತಿ ಬಂದರ್ ಕಡೆ ಖಾಡಿ, ಅಂದ್ರೆ ಹಿನ್ನೀರು ಇದೆ, ನಮ್ಮನೆಯಿಂದ ನಡೆದು ಇಪ್ಪತ್ತೈದು ನಿಮಿಷ. ಅದು ಮರವಂತೆ ಆಗೋದಿಲ್ಲ, ಕೆಸರು ವಾಸನೆ ಇದೆ, ಕಸ ಇದೆ, ಆದ್ರೆ ಆಕಾಶ ಇದೆ, ಬೆಳಿಗ್ಗೆ ಬೆಳಕು ಇದೆ, ನೀರಿನ ಮೇಲಿಂದ ಗಾಳಿ ಇದೆ. ಊರಿಂದ ಬಂದ ಮೊದಲ ಹತ್ತು ದಿನ ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಬೆಳಕಿಗೆ ಹೋಗೋದು ಅಂತ ಇಟ್ಕೊಂಡಿದ್ದೇನೆ, ಕೆಲಸದ ದಿನ ಬಿಲ್ಡಿಂಗ್ ಟೆರೇಸು, ಶನಿವಾರ ಭಾನುವಾರ ಖಾಡಿ. ಟೆರೇಸಲ್ಲಿ ಚಪ್ಪಲಿ ಬಿಟ್ಟು ನಡೀತೇನೆ. ಇದಕ್ಕೆ ಕಾರಣ ಬರೀ ಭಾವನೆ ಮಾತ್ರ ಅಲ್ಲ. ಊರಲ್ಲಿ ನಿದ್ದೆ ಪೂರ್ತಿ ಹೆಚ್ಚುಕಮ್ಮಿ ಆಗಿರ್ತದೆ, ಒಂದು ರಾತ್ರಿ ಯಕ್ಷಗಾನ ಅಂತ ಬೆಳಗಿನ ತನಕ, ಮಾರನೇ ದಿನ ಮಧ್ಯಾಹ್ನ ನಿದ್ದೆ, ರಾತ್ರಿ ಮಾತಾಡ್ತಾ ಹನ್ನೊಂದು. ಇಲ್ಲಿ ಬಂದು ಒಮ್ಮೆಗೇ ಐದೂವರೆಗೆ ಅಲಾರಂ ಇಟ್ರೆ ಮೈ ಒಪ್ಪೋದಿಲ್ಲ, ಮೈಯೊಳಗಿನ ಗಡಿಯಾರ ಒಂದೇ ದಿನದಲ್ಲಿ ತಿರುಗೋದಿಲ್ಲ, ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಸರೀತದೆ, ಅದನ್ನ ಸರಿಸೋದು ಮುಖ್ಯವಾಗಿ ಬೆಳಗಿನ ಬೆಳಕು. ನಿದ್ದೆ ಕೆಟ್ಟ ಮನುಷ್ಯನಿಗೆ ಮನಸ್ಸು ಭಾರ ಆಗೋದು ಸಹಜ. ಅದರ ಮೇಲೆ ನಾವು ಬರೋದು ಸರಿಯಾಗಿ ಮಳೆ ಶುರುವಾಗೋ ಹೊತ್ತಿಗೆ, ಮುಂಬೈಗೆ ಮಳೆ ಬರೋ ವಾಡಿಕೆಯ ದಿನ ಜೂನ್ 11, ಆಮೇಲೆ ದಿನಗಟ್ಟಲೆ ಮೋಡ, ಮನೆ ಒಳಗೆ ಹಗಲಲ್ಲೂ ಲೈಟ್. ಹಾಗಾಗಿ ಮಳೆ ಬಿಟ್ಟ ಹತ್ತು ನಿಮಿಷ ಸಿಕ್ಕಿದ್ರೂ ನಾನು ಟೆರೇಸಿಗೆ ಓಡ್ತೇನೆ. ಮೋಡದ ದಿನವೂ ಹೊರಗಿನ ಬೆಳಕು ನಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಊರಿಂದ ಹೊರಡೋ ಎರಡು ಮೂರು ದಿನ ಮೊದಲೇ ಮಲಗೋ ಏಳೋ ಟೈಮು ಸ್ವಲ್ಪ ಸ್ವಲ್ಪ ಹಿಂದೆ ತರ್ತೇನೆ ಈಗ. ಅಮ್ಮನ ಮನೆಯಲ್ಲಿ ಬೇಗ ಏಳೋಕೆ ಮನಸ್ಸು ಬರೋದಿಲ್ಲ, ಆದ್ರೂ.

ಮತ್ತೆ ಬ್ಯಾಗು. ಬಂದ ದಿನವೇ, ಸ್ನಾನಕ್ಕೂ ಮೊದಲು, ಬ್ಯಾಗ್ ಬಿಚ್ಚಿ ಖಾಲಿ ಮಾಡಿ ಮೇಲಿಡೋದು. ಇದೊಂದಕ್ಕೆ ಮನೆಯಲ್ಲಿ ಯಾರಿಗೂ ವಿನಾಯ್ತಿ ಇಲ್ಲ. ಭಾನುವಾರ ಬಂದು ಸೋಮವಾರ ಆಫೀಸಿಗೆ ಹೋಗೋದನ್ನ ಪೂರ್ತಿ ಬಿಟ್ಟೆ, ಊರಲ್ಲಿ ಒಂದು ದಿನ ಕಡಿಮೆ ಆದ್ರೂ ಚಿಂತಿಲ್ಲ, ಮಧ್ಯದಲ್ಲಿ ಒಂದು ಪೂರ್ತಿ ದಿನ ಮನೆಯಲ್ಲಿ ಇರಬೇಕು, ಸಾಧ್ಯ ಆದ್ರೆ ಬುಧವಾರವೋ ಗುರುವಾರವೋ ಆಫೀಸು ಶುರು ಮಾಡಬೇಕು, ಆಗ ಎರಡು ಮೂರು ದಿನ ಕೆಲಸ ಮಾಡಿದ್ರೆ ವಾರಾಂತ್ಯ ಬರ್ತದೆ. ಹೊರಡೋ ಮುಂಚೆ ಇಲ್ಲಿ ಹಾಸಿಗೆಗೆ ತೊಳೆದ ಚಾದರ ಹಾಕಿ, ಒಂದು ಪಾಕೀಟು ಅವಲಕ್ಕಿ, ಹಾಲಿನ ಪುಡಿ, ಚಾಪುಡಿ ಎದುರಿಗೇ ಇಟ್ಟು ಹೋಗ್ತೇನೆ. ಪಕ್ಕದ ಮನೆಯವರಿಗೆ ಕೀ ಕೊಟ್ಟು, ನಾವು ಬರೋ ಹಿಂದಿನ ದಿನ ಒಂದು ಗಂಟೆ ಕಿಟಕಿ ತೆಗೆದಿಡಿ ಅಂತ ಕೇಳ್ಕೊಂಡಿದ್ದೇನೆ. ಆ ಮುಚ್ಚಿದ ಮನೆಯ ವಾಸನೆ ಹೋಯ್ತು. ಸಣ್ಣದು ಅನ್ನಿಸಬಹುದು, ನಂಗೆ ಅದು ಸಣ್ಣದಾಗಿರಲಿಲ್ಲ.

ಆಫೀಸಲ್ಲಿ ಮೊದಲ ದಿನ ಬಂದ ಈಮೇಲ್ ಎಲ್ಲ ಓದೋಕೆ ಹೋಗೋದಿಲ್ಲ. ಬೆಳಿಗ್ಗೆ ಒಂದು ಗಂಟೆಯಲ್ಲಿ ಮುಗಿಯೋ, ಕೈ ಪಳಗಿದ ಒಂದು ಕೆಲಸ, ನಂಗಾದ್ರೆ ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡೋದು), ಅದನ್ನ ಮುಗಿಸಿ ಆಮೇಲೆ ಇನ್‌ಬಾಕ್ಸ್. ಒಂದು ಮುಗೀತು ಅನ್ನೋದು ಬೇಕು ಆವತ್ತು.

ಈ ನಡುವೆ ನಾದಿನಿಯ ಮಗಳು ಸೈಕಾಲಜಿ ಓದ್ತಾ ಇದ್ದಾಳೆ, ಅವಳು ಎರಡು ಅಧ್ಯಯನದ ವಿಷಯ ಹೇಳಿದಳು, ಅದು ನಂಗೆ ತುಂಬಾ ಧೈರ್ಯ ಕೊಟ್ಟಿತು, ಅದಕ್ಕೆ ಇಲ್ಲಿ ಬರೀತೇನೆ. 2010ರಲ್ಲಿ ನೆದರ್ಲೆಂಡ್ಸ್‌ನವರು 1,530 ಜನರನ್ನ ಕೇಳಿ ಮಾಡಿದ್ದು ಒಂದು, ಅದರಲ್ಲಿ 974 ಜನ ಪ್ರವಾಸ ಹೋಗಿ ಬಂದವರು. ಹೋಗೋದಕ್ಕಿಂತ ಮೊದಲು ಅವರು ಉಳಿದವರಿಗಿಂತ ಖುಷಿಯಾಗಿದ್ರು, ಬಂದ ಮೇಲೆ ಹೆಚ್ಚಿನವರಲ್ಲಿ ಏನೂ ವ್ಯತ್ಯಾಸ ಇಲ್ಲ, ತುಂಬಾ ನಿರಾಳವಾಗಿ ರಜೆ ಕಳೆದವರಿಗೆ ಮಾತ್ರ ಸ್ವಲ್ಪ ದಿನ ಉಳೀತು. ಇನ್ನೊಂದರಲ್ಲಿ ಕೆಲಸ ಮಾಡೋ 54 ಜನರನ್ನ ಸರಾಸರಿ 23 ದಿನದ ರಜೆಯಲ್ಲಿ ನೋಡಿದ್ದು. ಆರೋಗ್ಯ, ಮನಸ್ಸಿನ ಹಿತ ಎಲ್ಲ ಎಂಟನೇ ದಿನದ ಹೊತ್ತಿಗೆ ಮೇಲಕ್ಕೆ ಹೋಗಿ ಮುಟ್ತು, ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಮೊದಲಿದ್ದ ಕಡೆಗೆ ಇಳೀತು. 23 ದಿನ ಹೋದವರಿಗೂ! ನಾನು ಅಷ್ಟು ವರ್ಷ ಅಂದ್ಕೊಂಡಿದ್ದೆ ನಂಗೆ ಕೃತಜ್ಞತೆ ಕಡಿಮೆ, ಅಷ್ಟು ಒಳ್ಳೆ ರಜೆ ಸಿಕ್ಕಿದ್ರೂ ಒಂದು ವಾರ ಹಿಡಿದಿಟ್ಕೊಳ್ಳೋಕೆ ಆಗೋದಿಲ್ಲ ಅಂತ. ಅದು ನನ್ನ ತಪ್ಪಲ್ಲ, ಹೆಚ್ಚಿನವರಿಗೂ ಹಾಗೇ ಇಳೀತದೆ ಅಂತ ಗೊತ್ತಾದದ್ದೇ ಅರ್ಧ ಭಾರ ಇಳಿಸಿತು.

ಅದರ ಮೇಲೆ ನಾನೊಂದು ನಿರ್ಧಾರ ಮಾಡಿದೆ. ಎಲ್ಲ ರಜೆ ಮೇ ತಿಂಗಳಿಗೇ ಸುರಿಯೋದು ಬಿಟ್ಟೆ. ಈಗ ಮೇಯಲ್ಲಿ 12 ದಿನ, ನವರಾತ್ರಿಗೆ ನಾಲ್ಕೈದು ದಿನ, ಮತ್ತೆ ಜನವರಿ ಹೊತ್ತಿಗೆ ವಾರಾಂತ್ಯ ಸೇರಿಸಿ ಒಂದು ಸಣ್ಣ ಓಟ. ಅಮ್ಮ ಮೊದಲು ಬೇಜಾರು ಮಾಡ್ಕೊಂಡ್ರು, "ಹನ್ನೆರಡೇ ದಿನವಾ" ಅಂತ. ಆದ್ರೆ ವರ್ಷಕ್ಕೆ ಮೂರು ಸಲ ಮುಖ ನೋಡ್ತಾರೆ ಅಂದ್ಮೇಲೆ ಈಗ ಅವರೇ ಇದು ಒಳ್ಳೇದು ಅಂತಾರೆ. ಇಲ್ಲಿ ಒಂದು ಮಾತು: ಎಲ್ಲರಿಗೂ ಇದು ಆಗೋದಿಲ್ಲ ಅಂತ ನಂಗೆ ಗೊತ್ತು, ಟಿಕೆಟ್ ದುಡ್ಡು, ಮಕ್ಕಳ ಶಾಲೆ, ಹೋಟೆಲ್ ಕೆಲಸದವರಿಗೆ ರಜೆಯೇ ಸಿಗೋದಿಲ್ಲ. ನಮ್ಮೂರಿನ ಎಷ್ಟೋ ಹುಡುಗರು ಇಲ್ಲಿ ಹೋಟೆಲ್‌ಗಳಲ್ಲಿ ವರ್ಷಕ್ಕೊಮ್ಮೆಯೂ ಹೋಗೋಕೆ ಆಗದೆ ಇದ್ದಾರೆ, ಅವರ ಬೇಸರದ ಎದುರು ನನ್ನದು ಏನು ಅಂತ ಅನ್ಸಿದ್ದುಂಟು. ಆದ್ರೆ ಇನ್ನೊಬ್ಬರದ್ದು ದೊಡ್ಡದು ಅಂತ ನಮ್ಮದು ಇಳಿಯೋದಿಲ್ಲ, ಅದನ್ನೂ ನಾನು ಅನುಭವಿಸಿ ನೋಡಿದ್ದೇನೆ.

ಮಗನ ವಿಷಯ ನಾನು ತಡವಾಗಿ ಗಮನಿಸಿದೆ, ಅದು ನಂಗೆ ಈಗಲೂ ನೋವು. ಅವನೂ ಬಂದ ಮೇಲೆ ಒಂದು ವಾರ ಸರಿಯಾಗಿ ಊಟ ಮಾಡ್ತಿರಲಿಲ್ಲ, ನಾವು "ಊರ ನೀರು ಬದಲಾಗಿದೆ" ಅಂತ ಬಿಟ್ಟಿದ್ವಿ. ಒಂದು ದಿನ ಕೇಳಿದೆ, ನಿಂಗೆ ಊರಲ್ಲಿ ಎಂತ ನೆನಪಾಗ್ತದೆ ಅಂತ. ಅವನು ಹೇಳಿದ್ದು, "ಅಲ್ಲಿ ನಂಗೆ ಕೆಲಸ ಇತ್ತು". ಕಾಗೆ ಓಡಿಸೋದು, ಬಾವಿಯಿಂದ ನೀರು ಸೇದೋಕೆ ಅಜ್ಜನ ಜೊತೆ ಹಗ್ಗ ಹಿಡಿಯೋದು, ಕರುವಿಗೆ ಹುಲ್ಲು ಹಾಕೋದು. ಇಲ್ಲಿ ಅವನಿಗೆ ಹೋಮ್‌ವರ್ಕ್ ಬಿಟ್ರೆ ಮನೆಗೆ ಬೇಕಾದ ಕೆಲಸ ಒಂದೂ ಇರಲಿಲ್ಲ. ಈಗ ಬಾಲ್ಕನಿಯ ತುಳಸಿ, ಬಸಳೆ ಬಳ್ಳಿ ಅವನದ್ದು, ನೀರಿನ ಡ್ರಮ್ ತುಂಬಿಸೋದು ಅವನದ್ದು, ತೆಂಗಿನಕಾಯಿ ಒಡೆಯೋದೂ ಅವನದ್ದೇ. ಬಸಳೆ ಬಳ್ಳಿ ಊರಿಂದ ಅಜ್ಜಿಯೇ ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು, ಮೂರು ಅಂತಸ್ತಿನ ಮೇಲೆ ಗ್ರಿಲ್ ಹಿಡಿದು ಹಬ್ಬಿದೆ.

ಊರಿಂದ ತಂದದ್ದನ್ನ ಜೋಪಾನ ಮಾಡಿ ಡಬ್ಬದಲ್ಲಿ ಮುಚ್ಚಿಡೋದನ್ನೂ ಬಿಟ್ಟೆ. ಮೊದಲೆಲ್ಲ ಹಪ್ಪಳ ಮುಗಿದ್ರೆ ಊರು ಮುಗೀತದೆ ಅಂತ ಉಳಿಸಿ ಉಳಿಸಿ ಕೊನೆಗೆ ವಾಸನೆ ಬಂದು ಎಸೆದದ್ದುಂಟು. ಈಗ ಮೊದಲ ಹದಿನೈದು ದಿನದಲ್ಲಿ ಹಂಚಿ ತಿಂದು ಮುಗಿಸ್ತೇವೆ, ಮಳೆ ಸುರಿಯುವಾಗ ಕರಿದ ಹಲಸಿನ ಹಪ್ಪಳಕ್ಕೆ ತೆಂಗಿನಕಾಯಿ ಚೂರು ಹಾಕ್ಕೊಂಡು. ಮುಗಿದ ಮೇಲೆ ಮಾಟುಂಗಾ ಮಾರ್ಕೆಟ್ ಇದೆಯಲ್ಲ, ಬಾಳೆ ಎಲೆ, ಸುವರ್ಣಗಡ್ಡೆ, ನಮ್ಮ ಕಡೆಯ ಸೌತೆಕಾಯಿ ಎಲ್ಲ ಸಿಗ್ತದೆ. ಜೂನ್‌ನಲ್ಲಿ ಒಂದು ಶನಿವಾರ ಬೇಕಂತಲೇ ಅಲ್ಲಿಗೆ ಹೋಗ್ತೇವೆ, 1942ರಿಂದ ನಡೀತಾ ಇರೋ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆ ಊಟ ಮಾಡಿ, ತರಕಾರಿ ತಗೊಂಡು, ಸಂಜೆ ವಾಪಸ್.

ಇನ್ನೊಂದು, ನಮ್ಮ ಕರಾವಳಿಯವರಿಗೆ ಮಾತ್ರ ಗೊತ್ತಿರೋ ಸಮಾಧಾನ. ಮೇ ಕೊನೆಗೆ, ಹತ್ತನಾವಧಿ (ಯಕ್ಷಗಾನದ ತಿರುಗಾಟ ಮುಗಿಯೋ ದಿನ) ಬಂತು ಅಂದ್ರೆ, ಊರಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ತವೆ. ನಾವು ಊರಿಂದ ಹೊರಡೋದೂ ಅದರ ಬೆನ್ನಿಗೇ. ಆದ್ರೆ ಮಳೆಗಾಲದಲ್ಲಿ ಅದೇ ಕಲಾವಿದರು ತಂಡ ಕಟ್ಕೊಂಡು ಮುಂಬೈಗೆ ಬರ್ತಾರೆ, ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್, ನಮ್ಮ ಡೊಂಬಿವಲಿ ಕಡೆಯ ಹಾಲ್‌ಗಳಲ್ಲೆಲ್ಲ ಆಟ. 2023ರ ಜುಲೈಯಲ್ಲಿ ನಾನು ಹದಿನೈದು ವರ್ಷದಲ್ಲಿ ಮೊದಲ ಸಲ ಇಲ್ಲಿ ಆಟ ನೋಡೋಕೆ ಹೋದದ್ದು. ಹೊರಗೆ ಜೋರು ಮಳೆ, ಒಳಗೆ ಚೆಂಡೆ. ಹಾಲ್ ಪೂರ್ತಿ ನಮ್ಮವರು, ಒದ್ದೆ ಕೊಡೆ ಕಾಲಡಿ ಇಟ್ಕೊಂಡು. ಹಿಂದಿನ ಸಾಲಲ್ಲಿ ಯಾರೋ "ಹ್ವಾಯ್, ಎಲ್ಲ ಹುಷಾರಾ?" ಅಂತ ಯಾರನ್ನೋ ಕೇಳಿದ್ರು, ನಂಗೆ ಕೇಳಿದ್ದಲ್ಲ, ಆದ್ರೂ ನಾನು ತಿರುಗಿ ನೋಡಿದೆ.

ಒಂದು ವಿಷಯ ಮಾತ್ರ ಗಂಭೀರವಾಗಿ ಹೇಳಬೇಕು. ನಾನು ಹೇಳ್ತಿರೋದು ಕೆಲವು ದಿನದಲ್ಲಿ ಇಳಿಯೋ ಬೇಸರದ ಬಗ್ಗೆ. ನಮ್ಮ ಟ್ರೇನ್ ಗುಂಪಿನ ಒಬ್ಬಳಿಗೆ ಹಾಗಾಗಲಿಲ್ಲ. ಜುಲೈ ಕಳೆದ್ರೂ ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಊಟ ಸೇರೋದಿಲ್ಲ, "ನಾನಿದ್ದು ಏನು" ಅನ್ನೋ ಮಾತು ಬರೋಕೆ ಶುರುವಾಯ್ತು. ಎಲ್ಲರೂ "ಊರ ನೆನಪು, ಸರಿ ಹೋಗ್ತದೆ" ಅಂದ್ವಿ, ನಾನೂ ಅಂದೆ. ಆಮೇಲೆ ನಾದಿನಿಯ ಮಗಳು ಹೇಳಿದಳು, ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದ್ದು ಎರಡು ವಾರ ದಾಟಿ ದಿನವಿಡೀ ಹಾಗೇ ಇದ್ರೆ ಅದು ರಜೆಯ ಬೇಸರ ಅಂತ ಬಿಡಬಾರದು, ಡಾಕ್ಟರ್ ಹತ್ರ ಹೋಗಬೇಕು, ಅದು ಖಿನ್ನತೆ ಆಗಿರಬಹುದು, ಅದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಸಾಯೋ ಯೋಚನೆ ಬಂತು ಅಂದ್ರೆ ಎರಡು ವಾರ ಕಾಯೋದೂ ಬೇಡ, ಅವತ್ತೇ. ಸರಕಾರದ ಟೆಲಿ ಮಾನಸ್ ಅಂತ ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮೊದಲ ಸಲ ಅವಳ ಪಕ್ಕ ಕೂತು ನಾನೇ ಡಯಲ್ ಮಾಡಿ ಕೊಟ್ಟೆ. ಈಗ ಅವಳು ಚಿಕಿತ್ಸೆಯಲ್ಲಿದ್ದಾಳೆ, ಮತ್ತೆ ನಮ್ಮ ಜೊತೆ ಅದೇ ಟ್ರೇನ್‌ಗೆ ಬರ್ತಾಳೆ.

ಬೇಸರ ಪೂರ್ತಿ ಹೋಗಿದೆಯಾ ಅಂದ್ರೆ ಇಲ್ಲ. ಈ ವರ್ಷವೂ ಠಾಣೆಯಲ್ಲಿ ಇಳಿದಾಗ ಬಂತು, ಮೂರು ದಿನ ಇತ್ತು, ನಾನು ಅದನ್ನ ಓಡಿಸೋಕೂ ಹೋಗಲಿಲ್ಲ. ಡೈರಿ ಬರ್ದೆ, ಒಟ್ಟು ಏಳು ಸಾಲು ಆಯ್ತು. ಜಗಲಿ ಒಂದೇ ಸಲ ಬಂದಿತ್ತು. ಉಳಿದದ್ರಲ್ಲಿ ಹೆಚ್ಚು ಅಪ್ಪನ ಕೆಮ್ಮು, ರಾತ್ರಿ ಪಕ್ಕದ ಕೋಣೆಯಿಂದ ಕೇಳ್ತಾ ಇದ್ದದ್ದು, ಹೋದ ವರ್ಷಕ್ಕಿಂತ ಜಾಸ್ತಿ ಇತ್ತು. ಅಂದ್ರೆ ಈ ಸಲ ನಂಗಿದ್ದದ್ದು ರಜೆ ಮುಗಿದ ಬೇಸರ ಅಲ್ಲವೇ ಅಲ್ಲ, ಅದು ಅಪ್ಪನ ಚಿಂತೆ. ಬರೆಯದಿದ್ರೆ ನಂಗೆ ಅದು ಗೊತ್ತೇ ಆಗ್ತಿರಲಿಲ್ಲ. ಮಾರನೇ ದಿನವೇ ಅಣ್ಣನಿಗೆ ಫೋನ್ ಮಾಡಿದೆ, ಅವನು ಶನಿವಾರ ಅವರನ್ನ ಮಣಿಪಾಲಕ್ಕೆ ತೋರ್ಸೋಕೆ ಕರ್ಕೊಂಡು ಹೋದ. ಸಂಜೆ ಅಮ್ಮನ ಫೋನು ಬಂತು, ಎಕ್ಸ್‌ರೇ ಎಲ್ಲ ಆಯ್ತು, ಹೆದರೋದು ಎಂತದೂ ಇಲ್ಲ ಅಂತ. ಹಿಂದೆ ಹಿಡಿಸೂಡಿ ಕಡ್ಡಿ ಸೀಳೋ ಸದ್ದು. ನಾನು ಬಸಳೆ ದಂಟು ಹೆಚ್ತಾ ಇದ್ದೆ.